ಕೈಯಿಲ್ಲದ ಗೆಡ್ಡೆ

ಬಿಡಲೊಲ್ಲವು ಅಂದರೆ ಬಿಡಲೊಲ್ಲವು. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಯ ಪಕ್ಕೆಗೆ ಬೆರಳಿನಿಂದ ಮೆಲ್ಲಗೆ ತಟ್ಟುವುದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ಮತ್ತೆ ತೆಗೆದು ತಟ್ಟುವುದು, ಬೆಳಗಿನಿಂದ ಅವನಿಗೆ ಇದೇ ಕೆಲಸವಾಗಿತ್ತು. ಬಾಟಲಿಯ ತಳಕ್ಕೆ ಅಂಟಿಕೊಂಡು ಬೆಳೆದಿದ್ದ ಜೀವಕೋಶಗಳು ಅವನ ಅಕ್ಕನ ಮಗಳ ಮೊಣಕಾಲಿನ ಮೂಳೆಯ ಗೆಡ್ಡೆಯವು. ಮೇಲೆ ಬಣ್ಣವಿಲ್ಲದ ದ್ರಾವಣ ಹಾಕಿದ್ದ. ಅದು ಜೀವಕೋಶಗಳನ್ನು ಗದರಿಸುವುದಿಲ್ಲ, ಪುಸಲಾಯಿಸುತ್ತದೆ. ಏಳಪ್ಪ, ಬಿಡಪ್ಪ ಅಂತ ಒಂದೊಂದನ್ನೇ ತಳದಿಂದ ಎಬ್ಬಿಸುತ್ತದೆ. ಹೊತ್ತು ಹಿಡಿಯುವ ಕೆಲಸ. ಹಿಡಿಯಲಿ. ಈ ಬಾಟಲಿ ಮುಗಿದರೆ ಯಂತ್ರ, ಯಂತ್ರ ಮುಗಿದರೆ ಉತ್ತರ, ಉತ್ತರ ಬಂದರೆ ಅಕ್ಕನ ಮನೆ. ಹೆದರಿಕೆಯೇನೂ ಆಗುತ್ತಿರಲಿಲ್ಲ. ಹೆದರಿಕೆ ಇರಬೇಕಾದ ಜಾಗದಲ್ಲಿ, ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಹಿಡಿಯುವಂಥ ಜೋಮು ಹಿಡಿದಿತ್ತು. ಚಿವುಟಿದರೂ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗೆ. ಮೂರನೆಯ ಸಲ ಕೈಗವಸು ಬದಲಾಯಿಸಿದ. ಬದಲಾಯಿಸುವ ಅಗತ್ಯವೇನೂ ಇರಲಿಲ್ಲ.

“ಏನ್ ಸರ್, ಬಾಟಲಿಗೆ ಇವತ್ತು ಇಷ್ಟೊಂದು ಉಪಚಾರ?” ಎಂದಳು ಪಕ್ಕದ ಮೇಜಿನ ಸಂಶೋಧಕಿ. ಸದಾ ಏನಾದರೊಂದು ಗುನುಗಿಕೊಂಡೇ ಕೆಲಸ ಮಾಡುವವಳು. “ಯಾರಾದ್ರೂ ಕೈ ಬೀಸಿ ಕರೀತಾರಾ ಅಂತ ನೋಡೋಕೆ ಹೋಗಿ...” ಎಂದು ಶುರು ಮಾಡಿ, ಉಳಿದದ್ದನ್ನು ಅವನೇ ಮುಗಿಸಲಿ ಎಂದು ಕಾದಳು. ಅದು ಅವನದೇ ಜೋಕು. ಪ್ರತಿವರ್ಷ ಹೊಸಬರು ಬಂದಾಗ ಇದೇ ಮೇಜಿನ ಮುಂದೆ ನಿಲ್ಲಿಸಿ ಹೇಳುತ್ತಿದ್ದ. ಬಾಟಲಿಯಿಂದ ಜೀವಕೋಶ ಎಬ್ಬಿಸುವುದಕ್ಕೆ ಎರಡು ದಾರಿ ನೋಡಿ. ಒಂದು ಟ್ರಿಪ್ಸಿನ್, ಗುಲಾಬಿ ಬಣ್ಣದ್ದು. ಕರುಳಿನಲ್ಲಿ ಉಂಡದ್ದನ್ನು ಅರಗಿಸುತ್ತದಲ್ಲ, ಆ ಕಿಣ್ವ. ಹಾಕಿ ಉಸಿರು ಬಿಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ದಿನನಿತ್ಯಕ್ಕೆ ಎಲ್ಲರೂ ಅದನ್ನೇ ಹಾಕುವುದು. ಆದರೆ ಅದು ತಳಕ್ಕೆ ಅಂಟಿದ್ದನ್ನು ಮಾತ್ರ ಬಿಡಿಸಿ ಸುಮ್ಮನಾಗುವುದಿಲ್ಲ, ಜೀವಕೋಶದ ಹೊರಮೈಯಿಂದ ಚಾಚಿಕೊಂಡಿರುವುದನ್ನೆಲ್ಲ ಕಡಿದು ಹಾಕುತ್ತದೆ, ನಾವು ಹುಡುಕುವ ಗ್ರಾಹಕವನ್ನೂ, ಅಂದರೆ ರಿಸೆಪ್ಟರನ್ನೂ, ಸೇರಿಸಿ. ಆದ್ದರಿಂದ ಹೊರಮೈ ನೋಡುವ ದಿನ ಗುಲಾಬಿ ಬಾಟಲಿ ಮುಟ್ಟಕೂಡದು. “ಯಾರಾದ್ರೂ ಕೈ ಬೀಸಿ ಕರೀತಾರಾ ಅಂತ ನೋಡೋಕೆ ಹೋಗಿ, ಎಲ್ಲರ ಕೈ ಕತ್ತರಿಸಿ, ‘ಯಾರೂ ಕರೀಲೇ ಇಲ್ಲ ಸರ್’ ಅಂತ ನನ್ ಹತ್ರ ಬರಬೇಡಿ.” ಎಲ್ಲರೂ ನಗುತ್ತಿದ್ದರು. ನಗು ಬರುತ್ತದೆಂದು ಗೊತ್ತಿದ್ದು ಅವನು ಸ್ವಲ್ಪ ತಡೆದು ನಿಲ್ಲುತ್ತಿದ್ದ ಕೂಡ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅನ್ನುವುದು ಇಂಥವರನ್ನು ನೋಡಿಯೇ. ಈಗ ಅವಳಿಗೆ ‘ಹೂಂ’ ಎಂದಷ್ಟೇ ಹೇಳಿ ಬಾಟಲಿಯನ್ನು ಮತ್ತೆ ತಟ್ಟಿದ. ಅವಳು ಪೆಚ್ಚಾಗಿ ತನ್ನ ಗುನುಗಿಗೆ ಮರಳಿದಳು.

ಕೂಸಿನ ಗೆಡ್ಡೆಯನ್ನು ಮೊದಲ ಸಲ ಪರೀಕ್ಷೆ ಮಾಡಿದ ದಿನ ಅವನ ಕೈ ಹೋಗಿದ್ದು ಗುಲಾಬಿ ಬಾಟಲಿಗೆ. ಹೋಗಿತ್ತೇ? ಹೋಗಿತ್ತು. ಹೋದ ವಾರದಿಂದ ಆ ದಿನವನ್ನು ಜೇಬಿನಿಂದ ತೆಗೆದು ನೋಡುತ್ತಿದ್ದ, ಮತ್ತೆ ಜೇಬಿಗೇ ಹಾಕಿಕೊಳ್ಳುತ್ತಿದ್ದ. ಸ್ವಂತದವರ ಮಾದರಿಯನ್ನು ಸ್ವಂತದವರು ಮುಟ್ಟಬಾರದು ಎನ್ನುವುದು ಅಲ್ಲಿನ ರೂಢಿ. ಆದರೆ ಕೂಸಿನ ಮೂಳೆಯ ಚೂರನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ನಾನೇ ನೋಡ್ತೀನಿ ಎಂದ. ಅವನು ಅಂದ ಮೇಲೆ ಅಲ್ಲಿ ಎರಡನೇ ಮಾತಿಲ್ಲ. ತಲೆಯ ಕೂದಲು ಕಪ್ಪಗಿದ್ದಾಗಿನಿಂದ ಅವನು ಹಿಡಿದು ಕೂತದ್ದು ಈ ಒಂದೇ ಗ್ರಾಹಕವನ್ನು: ಮಕ್ಕಳ ಮೂಳೆಯಲ್ಲಿ ಹುಟ್ಟುವ ಗೆಡ್ಡೆ ಹುಟ್ಟಿದಲ್ಲೇ ಇರದೆ ಶ್ವಾಸಕೋಶಕ್ಕೆ ಯಾಕೆ ಹೊರಡುತ್ತದೆ? ಹೊರಡುವ ಜೀವಕೋಶದ ಹೊರಮೈ ಮೇಲೆ ಈ ಗ್ರಾಹಕ ಇರುತ್ತದೆ, ಅದು ಒಂದು ಕಿಣ್ವವನ್ನು ಹಿಡಿದುಕೊಂಡಿರುತ್ತದೆ, ಆ ಕಿಣ್ವ ಎದುರಿಗೆ ಸಿಕ್ಕ ಮಾಂಸವನ್ನು ಕರಗಿಸಿ ದಾರಿ ಬಿಡಿಸುತ್ತದೆ. ಈಗ ಆ ಗ್ರಾಹಕಕ್ಕೇ ಹೋಗಿ ಅಂಟುವ ಹೊಸ ಔಷಧಿ ಬಂದಿತ್ತು. ಎದುರು ಕಟ್ಟಡದ ಮಕ್ಕಳ ಆಸ್ಪತ್ರೆಯಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು, ಗ್ರಾಹಕ ಇದ್ದ ಮಕ್ಕಳಿಗೆ ಮಾತ್ರ ಪ್ರವೇಶ. ಅವನು ಬಾಟಲಿ ಹಿಡಿದು ನಿಂತಿದ್ದಾಗ ಕೆಳಗಿನ ಬಾಗಿಲ ಕಾವಲಿನವನ ಫೋನು. “ಸರ್, ನಿಮ್ಮ ಅಕ್ಕ ಬಂದಿದಾರೆ. ಸಂಜೆ ಬನ್ನಿ ಅಂದ್ರೆ ಕೇಳ್ತಾನೇ ಇಲ್ಲ. ಇಲ್ಲೇ ನಿಂತಿರ್ತೀನಿ ಅಂತಾರೆ.” ಕುರ್ಚಿ ಕೊಡಪ್ಪ ಎಂದ. “ಕೊಟ್ಟೆ ಸರ್, ಕೂತ್ಕೊಳ್ತಿಲ್ಲ.” ಅಕ್ಕ ಕೆಳಗೆ ನಿಂತಿದ್ದಾಳೆ. ಅಷ್ಟೇ ತಲೆಯಲ್ಲಿದ್ದದ್ದು. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿ, ಶಾಲೆಯ ಗೇಟಿನ ಹೊರಗೆ ಇವನ ತರಗತಿ ಬಿಡುವವರೆಗೆ ಹೀಗೇ ನಿಂತಿರುತ್ತಿದ್ದವಳು. ಕೈ ತನ್ನಷ್ಟಕ್ಕೆ ತಾನು ದ್ರಾವಣದ ಬಾಟಲಿಗಳನ್ನಿಟ್ಟ ಬೆಚ್ಚನೆಯ ನೀರಿನ ತೊಟ್ಟಿಗೆ ಹೋಯಿತು, ದಿನಾ ಹೋಗುವ ಕಡೆಗೇ, ದಿನಾ ತೆಗೆಯುವುದನ್ನೇ ತೆಗೆಯಿತು. ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ಜೀವಕೋಶವೂ ತಳದಲ್ಲಿ ಉಳಿಯಬಾರದೆಂದು, ಪ್ರೀತಿಯಿಂದ, ಕೊಂಚ ಹೆಚ್ಚೇ ಹೊತ್ತು ಬಿಟ್ಟಿದ್ದ.

ಯಂತ್ರದ ಉತ್ತರ ನೋಡಿಕೊಂಡು ಕೆಳಗಿಳಿದು ಬಂದು, “ಇಲ್ಲ ಅಕ್ಕ” ಎಂದಿದ್ದ. ಅಕ್ಕ ಹೆಂಗಸರ ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಅವತ್ತು ಕೆಲಸದ ಕಪ್ಪು ಏಪ್ರನ್ನಿನಲ್ಲೇ ಬಂದಿದ್ದಳು, ಹೆಗಲ ಮೇಲೆ ಯಾರದೋ ಕೆಂಚು ಕೂದಲಿನ ತುಣುಕುಗಳಿದ್ದವು. ಔಷಧಿಯ ಪರೀಕ್ಷೆಗೆ ಸೇರಲು ಏನೇನು ಬೇಕೆಂಬುದನ್ನು ಗಿರಾಕಿಗಳ ತಲೆ ಬಾಚುತ್ತಲೇ ಬಾಯಿಪಾಠ ಮಾಡಿಕೊಂಡಿದ್ದವಳು ಅವಳು. ಗೆಡ್ಡೆಗೆ ಆ ಗ್ರಾಹಕ ಇರಬೇಕು. ಮಗು ಯಂತ್ರದ ಆಸರೆಯಿಲ್ಲದೆ ತಾನಾಗಿ ಉಸಿರಾಡುತ್ತಿರಬೇಕು. “ಎರಡನೇದು ಇದೆ, ದೇವರ ದಯ. ಮೊದಲನೇದು ನೀನು ಹೇಳಬೇಕು” ಎಂದು ಎಷ್ಟು ಸಲ ಅಂದಿದ್ದಳೋ. ಅವನು ಇಲ್ಲ ಎಂದಾಗ ಅಳಲಿಲ್ಲ. ಆಮೇಲೆ ಆ ಕುರ್ಚಿಯಲ್ಲಿ ಕೂತಳು. “ನೀನೇ ನೋಡಿದ್ಯಾ?” ಎಂದಳು. ನಾನೇ ನೋಡಿದೆ ಎಂದ. “ಹಾಗಾದ್ರೆ ಸರಿ ಬಿಡು. ಬೇರೆ ಯಾರಾದ್ರೂ ನೋಡಿದ್ರೆ, ಸರಿಯಾಗಿ ನೋಡಿದ್ರೋ ಇಲ್ವೋ ಅಂತ ಸಾಯೋವರೆಗೂ ಕೊರೀತಿತ್ತು.” ಮತ್ತೆ ಅವನ ಅಂಗಿಯ ಕಾಲರು ಸರಿಮಾಡಿ ಬಸ್ಸಿಗೆ ಹೊರಟಳು. ಅವಳ ನಂಬಿಕೆಯನ್ನು ನೋಡಿ ಅವನಿಗೆ ಆಗ ಆದದ್ದು, ಥೂ, ಸಣ್ಣದೊಂದು ಹೆಮ್ಮೆ. ಆ ಹೆಮ್ಮೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೈಯಲ್ಲಿ ಸದ್ಯಕ್ಕೆ ಜೀವವಿರುವುದು ಅಲ್ಲೊಂದೇ ಕಡೆ.

ಸೂಕ್ಷ್ಮದರ್ಶಕದಲ್ಲಿ ಈಗ ಒಂದೊಂದೇ ಎದ್ದು ದುಂಡಗಾಗಿ ತೇಲತೊಡಗಿದ್ದವು. ದುಂಡಗೆ, ನೋಡಿದರೆ ಏನೂ ಅರಿಯದ ಮುಗ್ಧರಂತೆ. ಪಿಟೀಲು ಬರೆದ ಚಿತ್ರದಲ್ಲೂ ಹೀಗೇ ದುಂಡಗಿದ್ದವು. ಪಿಟೀಲು ಎಂದರೆ ಅಕ್ಕನ ಮಗಳು. ಹುಟ್ಟಿದ ಹೊಸತರಲ್ಲಿ ಸಣ್ಣ ದನಿ ತೆಗೆದು ಒಂದೇ ಸಮ ಕುಯ್ಯುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು, ಈಗ ಒಂಬತ್ತು ತುಂಬಿದ್ದರೂ ಬಿಟ್ಟಿಲ್ಲ. ಕಾಯಿಲೆ ಏನೆಂದು ಅವಳಿಗೆ ಬಿಡಿಸಿ ಹೇಳಿದವನು ಇವನೇ. ಗೆಡ್ಡೆಯ ಕಣಕ್ಕೆ ಕೈಗಳಿರುತ್ತವೆ, ಕೈಯಲ್ಲಿ ಕತ್ತರಿ ಹಿಡಿದುಕೊಂಡು ದಾರಿ ಕತ್ತರಿಸುತ್ತ ಬೇರೆ ಕಡೆ ಹೋಗುತ್ತದೆ, ಹೊಸ ಔಷಧಿ ಬಂದು ಆ ಕೈ ಹಿಡಿದುಕೊಳ್ಳುತ್ತದೆ. “ಅಮ್ಮನ ಕತ್ತರಿ ಥರಾನಾ?” ಅದಕ್ಕಿಂತ ಚಿಕ್ಕದು. ಹೋದ ವಾರ ಅವನು ಹೋದಾಗ ಮಂಚದ ಮೇಲೆ ಕಾಗದ ಹರಡಿಕೊಂಡು ಅವಳು ಇಡೀ ಸಂಸಾರ ಬರೆದಿದ್ದಳು: ದುಂಡು ದುಂಡು ಕಣಗಳು, ಒಂದೊಂದಕ್ಕೂ ಸುತ್ತ ಕಡ್ಡಿಯಂಥ ಕೈಗಳು, ಪ್ರತಿ ಕೈಯಲ್ಲೂ ಕತ್ತರಿ. ಮೂಲೆಯಲ್ಲಿ ಒಂದು ಬೋಳು ದುಂಡು. ಕೈಯಿಲ್ಲ, ಕತ್ತರಿಯಿಲ್ಲ, ಕಣ್ಣು ಮಾತ್ರ. “ಇದು ನಂದು. ಪಾಪ, ಇದಕ್ಕೆ ಕೈ ಇಲ್ಲ ಅಂದ್ಯಲ್ಲ ನೀನು.” ತನ್ನ ಬೋಳು ತಲೆ ಸವರಿಕೊಳ್ಳುತ್ತ ಅದನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: “ಮಾವ, ಕೈ ಇಲ್ದೇ ಇದ್ರೆ ಇದು ಕಾಲಿಂದ ಇಲ್ಲಿಗೆ ಹೇಗೆ ಬಂತು?” ಇಲ್ಲಿಗೆ ಎನ್ನುವಾಗ ಎದೆ ಮುಟ್ಟಿಕೊಂಡಳು.

ಕೆಲವು ಹಾಗೂ ಬರ್ತವೆ ಪುಟ್ಟ, ಬೇರೆ ದಾರಿ ಇರ್ತವೆ ಎಂದ. ಅದು ಸುಳ್ಳೇನಲ್ಲ. ಬೇರೆ ಗ್ರಾಹಕಗಳಿವೆ, ಬೇರೆ ಕಿಣ್ವಗಳಿವೆ, ಹಾಗೆ ಬಂದವನ್ನೂ ಅವನು ನೋಡಿದ್ದ. ಅವಳು “ಓ” ಎಂದು ಒಪ್ಪಿಕೊಂಡುಬಿಟ್ಟಳು. ಅಷ್ಟರಲ್ಲಿ ಅಕ್ಕ ಕೆಮ್ಮಿನ ಔಷಧಿಯನ್ನು ಪುಟ್ಟ ಪ್ಲಾಸ್ಟಿಕ್ ಬಟ್ಟಲಿಗೆ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಅಳತೆ ನೋಡಿದಳು. ಗುಲಾಬಿ. ಬೆಳಕಿಗೆ ಹಿಡಿದ ಗುಲಾಬಿ ಬಣ್ಣದ ದ್ರವ, ಅದನ್ನು ಹಿಡಿದ ಕೈ, ಕೆಳಗೆ ನಿಂತಿರುವ ಅಕ್ಕ. ಆ ದಿನ ತೊಟ್ಟಿಯಿಂದ ತಾನು ತೆಗೆದ ಬಾಟಲಿಯ ಬಣ್ಣ ಅವನ ಕಣ್ಣಮುಂದೆ ಬಂತು. ಆಗಲೇ ಹೇಳಬೇಕಿತ್ತು. ಅಕ್ಕ, ಒಂದು ನಿಮಿಷ ಬಾ, ಅಷ್ಟೇ. ಹೇಳಲಿಲ್ಲ. ಮೊದಲು ಖಾತ್ರಿಯಾಗಲಿ ಎಂದುಕೊಂಡ. ಕೊರೆಯುವ ತಂಪಿನ ಡಬ್ಬಿಯಲ್ಲಿ ಉಳಿಸಿಟ್ಟಿದ್ದ ಕೂಸಿನ ಜೀವಕೋಶಗಳನ್ನು ಮರುದಿನ ಕರಗಿಸಿ ಬಾಟಲಿಗೆ ಹಾಕಿದ. ಅವು ಚೇತರಿಸಿಕೊಳ್ಳಬೇಕು, ತಳಕ್ಕೆ ಅಂಟಬೇಕು, ಬೆಳೆಯಬೇಕು, ಅವಕ್ಕೆ ಅವುಗಳದೇ ಕಾಲ ಬೇಕಲ್ಲ. ಒಳ್ಳೆಯ ನೆಪ. ವಿಜ್ಞಾನಿಯ ನೆಪಕ್ಕೆ ಯಾರೂ ಹೆಸರಿಡುವಂತಿಲ್ಲ. ಆದರೆ ಆಸ್ಪತ್ರೆಯ ಡಾಕ್ಟರಿಗೆ ಒಂದು ಫೋನು ಮಾಡಿ, ನನ್ನ ಪರೀಕ್ಷೆ ತಪ್ಪಿರಬಹುದು, ಸೀಟು ಹಿಡಿದಿಡಿ, ಇನ್ನೊಂದು ಚೂರು ತೆಗೆದು ಬೇರೆಯವರ ಕೈಯಲ್ಲಿ ನೋಡಿಸಿ ಎನ್ನಲು ಜೀವಕೋಶ ಬೆಳೆಯಬೇಕಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಗೊತ್ತಾಗುತ್ತಿತ್ತು, ಬಾಯಿ ಮುಕ್ಕಳಿಸಿ ಉಗಿದ ಮೇಲೆ ಮರೆಯುತ್ತಿತ್ತು.

ಯಂತ್ರದ ಕೋಣೆ ತಣ್ಣಗಿತ್ತು. ಗ್ರಾಹಕಕ್ಕೆ ಅಂಟಿ ಹೊಳೆಯುವ ಬಣ್ಣ ಹಾಕಿದ ಜೀವಕೋಶಗಳು ಒಂದೊಂದಾಗಿ ಬೆಳಕಿನ ಎಳೆಯ ಮುಂದೆ ಹಾದುಹೋಗುತ್ತವೆ, ಯಂತ್ರ ಒಂದೊಂದರ ಹೊಳಪನ್ನೂ ಓದುತ್ತದೆ. ಪರದೆಯ ಮೇಲೆ ಗುಡ್ಡ ಎಡಕ್ಕೆದ್ದರೆ ಇಲ್ಲ, ಬಲಕ್ಕೆದ್ದರೆ ಇದೆ. ಚುಕ್ಕಿಗಳು ಬೀಳತೊಡಗಿದವು. ಬಲಕ್ಕೆ. ಇನ್ನೂ ಬಲಕ್ಕೆ. ಎಡಗಡೆ ಖಾಲಿ ಬಯಲಿನಂತೆ ಬಿದ್ದಿತ್ತು, ಬಲಗಡೆ ಗುಡ್ಡ ಏರುತ್ತಲೇ ಹೋಯಿತು. ಇಷ್ಟು ತುಂಬಿಕೊಂಡ ಗ್ರಾಹಕವನ್ನು ಅವನು ಬಹಳ ಮಕ್ಕಳಲ್ಲಿ ನೋಡಿರಲಿಲ್ಲ. ಬೇರೆಯವರ ಮಗುವಿನದ್ದಾಗಿದ್ದರೆ ‘ಆಹಾ’ ಎಂದು ಪಕ್ಕದವಳನ್ನು ಕರೆದು ತೋರಿಸುತ್ತಿದ್ದ, ಅದೂ ನಿಜ. ಸಂತೋಷವಾಗಬೇಕೋ ಎದೆ ಒಡೆಯಬೇಕೋ ಎಂದು ತನ್ನೊಳಗೆ ಹುಡುಕಿದ, ಎರಡೂ ಸಿಗಲಿಲ್ಲ. ಕುರ್ಚಿಯ ಗಾಲಿಯೊಂದು ಕಿರುಗುಡುತ್ತಿತ್ತು, ಅದಕ್ಕೆ ಎಣ್ಣೆ ಬಿಡಿಸಬೇಕು ಎಂದುಕೊಂಡ. ಇನ್ನೊಂದು ಸಲ ಓಡಿಸಿದ. ಮತ್ತೆ ಬಲಕ್ಕೆ. ಎದ್ದು ಕೈ ತೊಳೆದ. ಸೋಪು ಹಾಕಿ ಬೆರಳ ಸಂದುಗಳನ್ನೆಲ್ಲ ಉಜ್ಜಿ, ಉಗುರಿನ ಕೆಳಗೆ ಉಜ್ಜಿ, ಹಿಂದೆ ಯಾರೋ ಸಿಂಕಿಗೆ ಕಾದು ನಿಂತಿದ್ದಾರೆಂದು ತಿಳಿದ ಮೇಲೆ ನಿಲ್ಲಿಸಿದ.

ಕ್ಯಾಂಟೀನಿನಲ್ಲಿ ಸಂಸ್ಥೆಯ ನಿರ್ದೇಶಕರು ಅವನೆದುರೇ ತಟ್ಟೆ ತಂದಿಟ್ಟು ಕೂತರು. ಅವರು ಊಟದ ಹೊತ್ತಿನಲ್ಲಿ ಒಳ್ಳೆಯವರಾಗುತ್ತಿದ್ದರು. “ನಿಮ್ಮಕ್ಕನ ಮಗಳು ಹೇಗಿದಾಳೆ?” ಎಂದರು. ಇದ್ದಾಳೆ ಎಂದ. “ನಿಮ್ಮ ಗುಂಡಿಗೆ ಗಟ್ಟಿ ಕಣ್ರೀ. ಸ್ವಂತ ಮಗು ಥರದ್ದು, ನೀವೇ ಪರೀಕ್ಷೆ ಮಾಡಿ, ನೀವೇ ಹೋಗಿ ಇಲ್ಲ ಅಂತ ಹೇಳಿದ್ರಿ. ನನ್ನ ಕೈಲಿ ಆಗ್ತಿರಲಿಲ್ಲ. ಮೊನ್ನೆ ನನ್ ಹೆಂಡ್ತಿಗೂ ಹೇಳ್ತಿದ್ದೆ.” ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಇವನು ಹೆಗಲು ಮುಟ್ಟಿಕೊಳ್ಳುವ ಸ್ಥಿತಿಯಲ್ಲಿದ್ದ, ಈ ಮನುಷ್ಯ ಹೆಗಲಿಗೆ ಶಾಲು ಹೊದಿಸುತ್ತಿದ್ದಾರೆ. ಹೇಳಿಬಿಡುವುದು. ಇಲ್ಲೇ, ಈಗಲೇ, ಒಂದೇ ವಾಕ್ಯ: ನಾನು ಟ್ರಿಪ್ಸಿನ್ ಹಾಕಿದ್ದೆ. ಇವರಿಗೆ ಅದರಾಚೆ ಒಂದು ಮಾತೂ ಬೇಕಿಲ್ಲ, ಹೊಸಬರಿಗೂ ಬೇಕಿಲ್ಲ, ಎಲ್ಲರಿಗೂ ಆ ಜೋಕು ಬರುತ್ತದೆ. ತುತ್ತು ಕೆಳಗಿಟ್ಟು ಅವರ ಕಡೆ ಬಾಗಿದ. ಅವರು ತಲೆಯೆತ್ತಿ, “ಏನೋ ಹೇಳ್ಬೇಕು ಅಂದ್ಕೊಂಡ್ರಿ?” ಎಂದರು.

“ಆ ಉಪ್ಪು ಸ್ವಲ್ಪ ಈ ಕಡೆ ಕೊಡ್ತೀರಾ?” ಎಂದ.

ಕೊಟ್ಟರು. ಹಾಕಿಕೊಂಡ. ಊಟ ಉಪ್ಪುಪ್ಪಾಯಿತು, ಅದನ್ನೇ ಕೊನೆಯವರೆಗೆ ಉಂಡ. ಜಾಗ ಹೋಗುತ್ತದೆ, ಹೆಸರು ಹೋಗುತ್ತದೆ, ಹೋಗಲಿ. ಅದಕ್ಕಲ್ಲ ನಾನು ಹೆದರಿದ್ದು ಎಂದು ತನಗೆ ತಾನೇ ಹೇಳಿಕೊಂಡ. ಅಕ್ಕ ಈಗ ರಾತ್ರಿ ನಿದ್ದೆ ಮಾಡುತ್ತಿದ್ದಾಳೆ. ಒಪ್ಪಿಕೊಂಡಿದ್ದಾಳೆ. ಅವಳನ್ನು ಮತ್ತೆ ಎಬ್ಬಿಸಿ, ಬಾಗಿಲಿನಿಂದ ಬಾಗಿಲಿಗೆ ಓಡಿಸಿ, ಔಷಧಿಯೂ ಹಿಡಿಯದೆ ಹೋದರೆ? ಇದೂ ಒಳ್ಳೆಯ ನೆಪ. ಅಕ್ಕನ ನಿದ್ದೆಯ ಕಂಬಳಿಯ ಕೆಳಗೆ ತನ್ನ ತಲೆ ಮರೆಸಿಕೊಳ್ಳುವುದು. ಎದ್ದು ತಟ್ಟೆಯಿಟ್ಟ, ಅರ್ಧ ದಿನದ ರಜೆ ಹೇಳಿ ಹೊರಬಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ವಾಕ್ಯವನ್ನು ಬಗೆಬಗೆಯಾಗಿ ಕಟ್ಟಿ ನೋಡಿದ. ‘ಅಕ್ಕ, ಒಂದು ಒಳ್ಳೆ ಸುದ್ದಿ.’ ಥೂ. ‘ಅಕ್ಕ, ಮೊದಲನೇ ಪರೀಕ್ಷೆಯಲ್ಲಿ ಒಂದು ತಾಂತ್ರಿಕ ತೊಂದರೆಯಾಗಿತ್ತು.’ ತೊಂದರೆಯಾಗಿತ್ತು, ಮಳೆಯಾಗಿತ್ತು ಅನ್ನುವ ಹಾಗೆ, ಯಾರೂ ಮಾಡದೆ ತಾನಾಗಿ ಆದದ್ದು. ಅವನ ಪ್ರಬಂಧಗಳೆಲ್ಲ ಇದೇ ಧಾಟಿಯವು. ದ್ರಾವಣ ಹಾಕಲಾಯಿತು, ಜೀವಕೋಶ ತೆಗೆಯಲಾಯಿತು, ಅಲ್ಲಿ ಯಾರ ಕೈಯೂ ಇರುವುದಿಲ್ಲ. ಮುಂದಿನ ಸೀಟಿನ ಹೆಂಗಸಿನ ಕೂದಲನ್ನು ಹಿಂದಿನಿಂದ ಯಾರೋ ಚೆನ್ನಾಗಿ ಕತ್ತರಿಸಿದ್ದರು, ಅಂಚು ಒಂದು ಗೆರೆ ತಪ್ಪಿರಲಿಲ್ಲ. ಅಕ್ಕ ಕೆಲಸ ಕಲಿಯುವಾಗ ಇವನ ತಲೆಯ ಮೇಲೆಯೇ ಕಲಿತಳು. ಒಮ್ಮೆ ಕಿವಿಯ ಮೇಲೆ ಬೊಕ್ಕ ಮಾಡಿಟ್ಟಾಗ ಇವನು ರಂಪ ಮಾಡಿದ್ದ. “ಸುಮ್ನಿರೋ, ಕೂದಲು ತಾನೇ, ಬೆಳೆಯುತ್ತೆ. ಬೆಳೀದೇ ಇರೋದನ್ನ ಕತ್ತರಿಸೋವಾಗ ಹೆದರ್ಕೋಬೇಕು” ಎಂದಿದ್ದಳು. ಅವನು ಇಳಿಯುವ ನಿಲ್ದಾಣ ದಾಟಿಹೋಗಿತ್ತು. ಮುಂದಿನದರಲ್ಲಿಳಿದು ಹಿಂದಕ್ಕೆ ನಡೆದ, ದಾರಿಯಲ್ಲಿ ಪಿಟೀಲಿಗೆ ಬಣ್ಣದ ಪೆನ್ಸಿಲಿನ ಪೊಟ್ಟಣ ಕೊಂಡ. ಬರಿಗೈಯಲ್ಲಿ ಹೋಗಬಾರದೆಂದು. ಅಂಗಡಿಯವನು ಎಷ್ಟು ವರ್ಷದ ಮಗು ಎಂದು ಕೇಳಿ, ದೊಡ್ಡ ಪೊಟ್ಟಣವನ್ನೇ ಕೊಟ್ಟ, ಬಹಳ ದಿನ ಬರುತ್ತೆ ಎಂದ.

ಮೆಟ್ಟಿಲು ಹತ್ತುವಾಗಲೇ ಒಂದು ಸದ್ದು ಕೇಳಿಸಿತು. ಹೋದ ವಾರ ಇರಲಿಲ್ಲ. ಹಳೆಯ ಫ್ರಿಜ್ಜಿನಂತೆ ಗುಂಯ್‌ಗುಡುತ್ತ, ನಡುನಡುವೆ ಒಂದು ನಿಟ್ಟುಸಿರು. ಬಾಗಿಲು ತೆರೆದೇ ಇತ್ತು. ಹಜಾರದ ನಡುವೆ ಭಾವ ಸ್ಟೂಲಿನ ಮೇಲೆ ಕೂತಿದ್ದ, ಕುತ್ತಿಗೆಗೆ ಹಳೆಯ ಹೊದಿಕೆ ಸುತ್ತಿಕೊಂಡು. ಅಕ್ಕ ಅವನ ಕೂದಲು ಕತ್ತರಿಸುತ್ತಿದ್ದಳು. ಅರ್ಧ ತಲೆ ಮುಗಿದಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಪಿಟೀಲು ದಿಂಬಿಗೊರಗಿ ಕೂತಿದ್ದಳು, ಮೂಗಿಗೆ ತೆಳ್ಳನೆಯ ನಳಿಗೆ, ನಳಿಗೆಯ ಕೊನೆಗೆ ಮೊಣಕಾಲೆತ್ತರದ ಬಿಳಿ ಆಕ್ಸಿಜನ್ ಯಂತ್ರ. ಲಿಫ್ಟು ರಿಪೇರಿ ಮಾಡುವ ಭಾವ ಆಗಲೇ ಅದಕ್ಕೊಂದು ಗಾಲಿಯ ಹಲಗೆ ಮಾಡಿ, ವಯರನ್ನು ಗೋಡೆಗುಂಟ ಅಚ್ಚುಕಟ್ಟಾಗಿ ಎಳೆದಿದ್ದ.

“ಬಾರೋ. ಗಾಬರಿಯಾಗ್ಬೇಡ” ಎಂದಳು ಅಕ್ಕ, ಕತ್ತರಿ ನಿಲ್ಲಿಸದೆ. “ನಿನ್ನೆ ತಂದ್ವಿ. ಮಲಗಿದಾಗ ಸ್ವಲ್ಪ ಕಷ್ಟ ಆಗ್ತಿತ್ತು. ಈಗ ಆರಾಮ.”

“ಹೊಸ ಲಿಫ್ಟು ಬಂದ ಹಾಗಾಗಿದೆ ಮನೆಗೆ” ಎಂದ ಭಾವ. “ಇವ್ಳು ಮಾತ್ರ ಮೇಲೂ ಹೋಗಲ್ಲ, ಕೆಳಗೂ ಬರಲ್ಲ, ಮಧ್ಯೆ ನಿಂತ್ಕೊಂಡು ಬೆಲ್ ಒತ್ತೋದೇ ಕೆಲಸ.”

“ಅಪ್ಪಾ, ಜೋಕು ಚೆನ್ನಾಗಿಲ್ಲ” ಎಂದಳು ಪಿಟೀಲು. ವಾಕ್ಯದ ನಡುವೆ ಒಂದು ಸಲ ನಿಂತು ಉಸಿರು ತೆಗೆದುಕೊಂಡಳು. ಪೆನ್ಸಿಲಿನ ಪೊಟ್ಟಣ ನೋಡಿ ಕೈ ಚಾಚಿದಳು. ಅವನು ಹೋಗಿ ಮಂಚದಂಚಿಗೆ ಕೂತ. ಯಂತ್ರದ ಬೆಚ್ಚನೆಯ ಗಾಳಿ ಕಾಲಿಗೆ ತಾಗುತ್ತಿತ್ತು. ಯಂತ್ರದ ಆಸರೆಯಿಲ್ಲದೆ ತಾನಾಗಿ ಉಸಿರಾಡುತ್ತಿರಬೇಕು. ನಿನ್ನೆ. ನಿನ್ನೆ ಮಧ್ಯಾಹ್ನ ಅವನು ಬಾಟಲಿಯನ್ನು ನೋಡಿ, ಇನ್ನೊಂದು ದಿನ ಬೆಳೆಯಲಿ ಎಂದು ಮುಚ್ಚಿಟ್ಟಿದ್ದ. ಜೋಮು ಹಿಡಿದ ಕಾಲಿಗೆ ರಕ್ತ ಬರುವಾಗ ಮೊದಲು ಸೂಜಿ ಚುಚ್ಚುತ್ತದಲ್ಲ, ಹಾಗೆ ಎಲ್ಲೋ ಒಂದು ಕಡೆ ಚುಚ್ಚಿತು. ಅಷ್ಟೇ, ಅದರಾಚೆ ಏನೂ ಆಗಲಿಲ್ಲ.

ಪಿಟೀಲು ಹಳೆಯ ಚಿತ್ರವನ್ನೇ ತೆಗೆದು ಹೊಸ ಬಣ್ಣ ತುಂಬತೊಡಗಿದಳು. ಮೂಲೆಯ ಬೋಳು ದುಂಡಿಗೆ ಹಸಿರು ಬಳಿದಳು. “ಇದಕ್ಕೆ ಟೋಪಿ ಹಾಕ್ಲಾ? ಕೈ ಇಲ್ಲ, ಟೋಪಿನಾದ್ರೂ ಇರಲಿ.”

“ಇದ್ದವು” ಎಂದ ಅವನು.

“ಏನು?”

“ಕೈ. ಅದಕ್ಕೆ ಕೈ ಇದ್ದವು ಪುಟ್ಟ. ಬೇಕಾದಷ್ಟಿದ್ದವು. ನಾನು ನೋಡೋವಾಗ ಕತ್ತರಿಸಿಬಿಟ್ಟೆ.”

“ನೀನಾ?” ಅವಳಿಗೆ ಅದು ಕತೆಯ ಹಾಗೆ ಕೇಳಿಸಿತು, ಕಣ್ಣರಳಿಸಿದಳು. “ಯಾಕೆ?”

“ಅವಸರದಲ್ಲಿ. ಬೇರೆ ಬಾಟಲಿ ತಗೋಬೇಕಿತ್ತು, ಕೈಗೆ ಸಿಕ್ಕಿದ್ದು ತಗೊಂಡೆ. ಇವತ್ತು ಸರಿಯಾಗಿ ನೋಡಿದೆ. ಎಲ್ಲಾ ಇವೆ.”

ಕತ್ತರಿಯ ಸದ್ದು ನಿಂತಿತ್ತು. ಯಂತ್ರ ಒಂದು ನಿಟ್ಟುಸಿರು ಬಿಟ್ಟಿತು. ಭಾವ ತಿರುಗಿ ನೋಡಲು ಹೋದ, ಅಕ್ಕನ ಎಡಗೈ ಅವನ ತಲೆಯ ಮೇಲಿತ್ತು, ಅಭ್ಯಾಸದಂತೆ ಅದನ್ನು ನೆಟ್ಟಗೆ ಹಿಡಿದೇ ಇತ್ತು. “ಹಾಗಂದ್ರೆ” ಎಂದ ಭಾವ, ಗೋಡೆ ನೋಡುತ್ತ, “ಹಾಗಂದ್ರೆ ಆ ಔಷಧಿ ಇವಳಿಗೆ ಆಗುತ್ತೆ ಅಂತಾನಾ? ಆಗುತ್ತಾ?” ಅವನ ದನಿ ಎಳೆ ಹುಡುಗನದರಂತಿತ್ತು.  ಅಕ್ಕ ತಮ್ಮನನ್ನೇ ನೋಡುತ್ತಿದ್ದಳು.

“ಬೇರೆಯವರ ಮಕ್ಕಳಿಗೆ ಹೇಗೆ ಮಾಡ್ತಿದ್ಯೋ ಹಾಗೇ ಮಾಡಿದ್ರೆ ಆಗ್ತಿತ್ತಲ್ಲೋ” ಎಂದಳು. ಬೈಗುಳದಂತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತು ಎಂದು ನೋಡುವವಳಂತೆ ಹೇಳಿದಳು. “ನಾನು ಕೆಳಗೆ ಬಂದು ನಿಂತ್ಕೋಬಾರದಿತ್ತು.”

“ಅಕ್ಕ, ಅದಲ್ಲ...”

“ಯಾವಾಗ ಗೊತ್ತಾಯ್ತು ನಿನಗೆ?”

ಇವತ್ತು ಎನ್ನಬಹುದಿತ್ತು. ಅದು ಅಂಥ ದೊಡ್ಡ ಸುಳ್ಳೇನೂ ಅಲ್ಲ, ಗುಡ್ಡ ಬಲಕ್ಕೆದ್ದದ್ದು ಇವತ್ತೇ. ಇವತ್ತು ಎಂದರೆ ಅಕ್ಕ ಕ್ಷಮಿಸುತ್ತಾಳೆ, ಗೊತ್ತಾದ ಕೂಡಲೇ ಊಟ ಬಿಟ್ಟು ಓಡಿಬಂದ ಎಂದು ಭಾವ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾನೆ. ತಪ್ಪು ಯಾರಿಗಾದರೂ ಆಗುತ್ತದೆ. ಅವನು ಕಾಗದದ ಮೇಲಿನ ಹಸಿರು ದುಂಡನ್ನು ನೋಡಿದ. ಅದಕ್ಕೆ ಪಿಟೀಲು ಬರೆದಿದ್ದ ಕಣ್ಣುಗಳು ಅವನನ್ನೇನೂ ಕೇಳುತ್ತಿರಲಿಲ್ಲ.

“ಹೋದ ವಾರ” ಎಂದ. “ಇಲ್ಲೇ ಕೂತಿದ್ದಾಗ. ನೀನು ಇವಳಿಗೆ ಔಷಧಿ ಬಗ್ಗಿಸ್ತಿದ್ದೆ.”

 ಅಕ್ಕನ ಕಣ್ಣು ಅವನ ಮುಖದಿಂದ ಇಳಿದು, ನೆಲದ ಮೇಲಿನ ಭಾವನ ಕೂದಲನ್ನು ದಾಟಿ, ಗಾಲಿಯ ಹಲಗೆಯ ಮೇಲೆ ಗುಂಯ್‌ಗುಡುತ್ತಿದ್ದ ಬಿಳಿ ಯಂತ್ರಕ್ಕೆ ಹೋಗಿ ಅಲ್ಲೇ ನಿಂತಿತು. ಆ ಎರಡನೆಯ ಷರತ್ತು ಅವಳಿಗೆ ಬಾಯಿಪಾಠ. ಅವಳು ಕಿರುಚಿಬಿಡಲಿ ಎಂದು ಅವನು ಕಾದ. ಕತ್ತರಿ ಎಸೆಯಲಿ, ಕೆನ್ನೆಗೆ ಬಾರಿಸಲಿ, ಚಿಕ್ಕಂದಿನಲ್ಲಿ ಬಾರಿಸುತ್ತಿದ್ದವಳೇ. ಅವಳು ಕತ್ತರಿಯನ್ನು ಮಡಚಿ ಸ್ಟೂಲಿನ ಪಕ್ಕ ಇಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. ಮಂಚದ ಬಳಿ ಬಂದು, ಅವನನ್ನು ಹೆಗಲು ಹಿಡಿದು ಆಚೆಗೆ ಸರಿಸಿ, ಮಗಳ ಮುಂದೆ ಬಗ್ಗಿದಳು.

“ಪಿಟೀಲು, ನೆಟ್ಟಗೆ ಕೂತ್ಕೋ ಚಿನ್ನ. ಸ್ವಲ್ಪ ಹೊತ್ತು ಇದಿಲ್ದೆ ನೋಡೋಣ್ವಾ?” ಎಂದು ಮೂಗಿನ ನಳಿಗೆಯನ್ನು, ಕಿವಿಯ ಹಿಂದಿನಿಂದ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಕೂದಲು ಎಳೆಯದಂತೆ ಬಿಡಿಸುವ ಹಾಗೆ ಬಿಡಿಸಿದಳು. ಕೂದಲೇ ಇರಲಿಲ್ಲ. ನಳಿಗೆಯ ಒತ್ತು ಕೆನ್ನೆಯ ಮೇಲೆ ಎರಡು ಗೆರೆಯಾಗಿ ಉಳಿದಿತ್ತು, ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಮೈ ಬಗ್ಗಿಸಿ ಯಂತ್ರ ಆರಿಸಿದಳು. ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಪಿಟೀಲಿನ ಉಸಿರು ಕೇಳಿಸತೊಡಗಿತು. ಒಳಗೆ. ಹೊರಗೆ. ಒಳಗೆ ಹೋಗುವಾಗ ಸಣ್ಣದೊಂದು ಕುಯ್ ಸದ್ದು.

“ಫೋನ್ ಮಾಡು” ಎಂದಳು ಅಕ್ಕ, ತಿರುಗಿ ನೋಡದೆ. “ಆ ಡಾಕ್ಟರಿಗೆ. ಈಗಲೇ.”

ಅವನು ಜೇಬಿನಿಂದ ಫೋನು ತೆಗೆದ. ಬೆರಳು ನಂಬರು ಹುಡುಕಿತು, ತಪ್ಪು ಒತ್ತಿತು, ಮತ್ತೆ ಹುಡುಕಿತು. ಭಾವ ಅರ್ಧ ಕತ್ತರಿಸಿದ ತಲೆಯಲ್ಲಿ ಹೊದಿಕೆಯ ಸಮೇತ ಎದ್ದು ಬಂದು ಮಂಚದ ಕಾಲು ಹಿಡಿದು ನಿಂತ, ನಡೆದ ಕಡೆಯೆಲ್ಲ ಕೂದಲು ಉದುರಿತು. ಆ ಕಡೆ ಗಂಟೆ ಬಾರಿಸುತ್ತಿತ್ತು. ಮೂವರೂ ಹುಡುಗಿಯ ಎದೆಯನ್ನೇ ನೋಡುತ್ತಿದ್ದರು. ಅಷ್ಟು ಜನ ನೋಡುವುದು ಕಂಡು ಅವಳಿಗೆ ನಾಚಿಕೆಯಾಯಿತು.

“ಅಮ್ಮ, ಜೋರಾಗಿ ಬಿಡ್ಲಾ, ಮೆತ್ತಗೆ ಬಿಡ್ಲಾ?”

“ಯಾವಾಗ್ಲೂ ಬಿಡ್ತೀಯಲ್ಲ, ಹಾಗೇ ಬಿಡು” ಎಂದಳು ಅಕ್ಕ.

ಆ ಕಡೆ ಯಾರೋ ಎತ್ತಿಕೊಂಡು, ಯಾರು ಮಾತಾಡೋದು ಎಂದರು. ಅವನು ಯಾವಾಗಲೂ ಮೊದಲು ಸಂಸ್ಥೆಯ ಹೆಸರು, ಆಮೇಲೆ ತನ್ನ ಹುದ್ದೆ ಹೇಳುತ್ತಿದ್ದ. ಈಗ ಎರಡೂ ಬಾಯಿಗೆ ಬರಲಿಲ್ಲ. “ನಾನು ಹುಡುಗಿಯ ಸೋದರಮಾವ” ಎಂದ, ಮತ್ತು ಮುಂದಿನ ಮಾತಿಗೆ ಉಸಿರೆಳೆದುಕೊಂಡ. ಪಿಟೀಲು ಕೂಡ ಎಳೆದುಕೊಂಡಳು.